ಹಳೆ ಹಂಚಿನ ಮನೆ ಯಾವುದಕ್ಕಿಂತ ತಂಪು? ಎಂ.ಆರ್ಕ್ ಪ್ರಬಂಧಕ್ಕೆ ಮನೆಯ ತಾಪ-ತೇವಾಂಶ ಅಳೆಯುವ ಸಮಗ್ರ ಮಾರ್ಗದರ್ಶಿ

ಸುಸ್ಥಿರ ವಾಸ್ತುಶಿಲ್ಪದಲ್ಲಿ ಎಂ.ಆರ್ಕ್ (ಸ್ನಾತಕೋತ್ತರ ಪದವಿ) ಮಾಡುವ ವಿದ್ಯಾರ್ಥಿಗಳು ಪ್ರಬಂಧಕ್ಕೆಂದು ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಹಳೆ ಮನೆಗಳನ್ನು ಆರಿಸಿಕೊಳ್ಳುತ್ತಾರೆ. ನಾಲ್ಕು ದಿನ ಲಾಗರ್ (ತಾಪ, ತೇವಾಂಶವನ್ನು ತಾನೇ ದಾಖಲಿಸಿಕೊಳ್ಳುವ ಪುಟ್ಟ ಉಪಕರಣ) ಇಟ್ಟು, ಫೋಟೊ ತೆಗೆದು, "ಮಣ್ಣಿನ ಗೋಡೆ, ಹಂಚಿನ ಚಾವಣಿ, ಹಾಗಾಗಿ ಒಳಗೆ ತಂಪು" ಎಂದು ಬರೆದುಬಿಡುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ (ವೈವಾ) ಪರೀಕ್ಷಕರು "ಯಾವುದಕ್ಕಿಂತ ತಂಪು?" ಎಂದು ಕೇಳಿದರೆ ಕೈಯಲ್ಲಿ ಉತ್ತರ ಇರುವುದಿಲ್ಲ.

ಎಡವಟ್ಟು ಹೆಚ್ಚಿನ ಸಲ ಕೆಲಸದ ಕ್ರಮದಲ್ಲೇ ಇರುತ್ತದೆ. ಮೊದಲು ಲಾಗರ್, ಆಮೇಲೆ ಮನೆ, ಕೊನೆಗೆ ಪ್ರಶ್ನೆ ಎಂದು ಹೊರಡುತ್ತಾರೆ. ಇಲ್ಲಿ ಅದನ್ನು ತಿರುವುಮುರುವು ಮಾಡಿದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹವೆಯನ್ನೂ ಮನೆಗಳನ್ನೂ ಕಣ್ಣ ಮುಂದಿಟ್ಟುಕೊಂಡು ಪ್ರತಿ ಹಂತವನ್ನೂ ಬರೆದಿದೆ. ಹಂತಗಳನ್ನು ಅದಲುಬದಲು ಮಾಡಬೇಡಿ.

## ಬೇಕಾಗುವ ಸಾಮಾನು

ಎರಡು ಮನೆ ಅಳೆಯಲು ತಾಪ-ತೇವಾಂಶ ಲಾಗರ್ 8 ಬೇಕು. ಮನೆಗೆ ಮೂರರಂತೆ 6, ಹೊರಗೆ 1, ಕೆಟ್ಟರೆ ಬದಲಿಗೆ 1. ತಾಪದಲ್ಲಿ ಅರ್ಧ ಡಿಗ್ರಿಗಿಂತ ಹೆಚ್ಚು, ತೇವಾಂಶದಲ್ಲಿ ಶೇ. 5ಕ್ಕಿಂತ ಹೆಚ್ಚು ತಪ್ಪು ತೋರಿಸುವ ಉಪಕರಣ ಬೇಡ. ಪರದೆಯ ಮೇಲೆ 0.1 ಡಿಗ್ರಿವರೆಗೆ ಅಂಕಿ ಬರುವುದು ಬೇರೆ, ಆ ಅಂಕಿ ಸರಿಯಿರುವುದು ಬೇರೆ. ಕೊಳ್ಳುವಾಗ ನಿಖರತೆಯ ಸಾಲನ್ನೇ ಓದಿ.

ಗ್ಲೋಬ್ ಥರ್ಮಾಮೀಟರ್ (ಸುತ್ತಲಿನ ಮೇಲ್ಮೈಗಳಿಂದ ಸೂಸುವ ಶಾಖವನ್ನೂ ಹಿಡಿಯುವ ಕಪ್ಪು ಗೋಳದ ಮಾಪಕ) 2. ಪೇಟೆಯದು ದುಬಾರಿ ಎನಿಸಿದರೆ 40 ಮಿ.ಮೀ. ಟೇಬಲ್ ಟೆನಿಸ್ ಚೆಂಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ನಟ್ಟನಡುವೆ ತಾಪದ ತಂತಿ ಇಳಿಸಿ, ತೂತನ್ನು ಮುಚ್ಚಿ. ಹೊಳೆಯುವ ಬಣ್ಣ ಬೇಡ. ಗಾಳಿ ಅಳೆಯಲು ಹಾಟ್-ವೈರ್ ಅನಿಮೋಮೀಟರ್ (ಬಿಸಿ ತಂತಿಯ ಗಾಳಿಮಾಪಕ) ಒಂದು. ರೆಕ್ಕೆ ತಿರುಗುವ ಮಾದರಿ ಮನೆಯೊಳಗೆ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಒಳಗಿನ ಗಾಳಿ ಬಹುಪಾಲು ಸೆಕೆಂಡಿಗೆ ಅರ್ಧ ಮೀಟರಿಗಿಂತ ಕಡಿಮೆ ಇರುತ್ತದೆ, ಅಷ್ಟಕ್ಕೆ ರೆಕ್ಕೆ ಸರಿಯಾಗಿ ಅಲುಗದು.

ಇದಲ್ಲದೆ ಇನ್‌ಫ್ರಾರೆಡ್ ಥರ್ಮಾಮೀಟರ್, ಲೇಸರ್ ಟೇಪು, 5 ಮೀಟರ್ ಮತ್ತು 30 ಮೀಟರ್ ಟೇಪು, ತೂಗುಗುಂಡು, ಮಟ್ಟ ನೋಡಲು ನೀರಿನ ಟ್ಯೂಬು, ಲಿಥಿಯಂ ಸೆಲ್ಲು, ಹತ್ತಿ ದಾರ, ಗಾಳಿಯಾಡದ ಡಬ್ಬ, ಅಡಿಗೆ ಉಪ್ಪು.

## ಹಂತ 1: ಪ್ರಶ್ನೆ, ಅದರ ಬೆನ್ನಿಗೆ ಜೋಡಿ ಮನೆ

"ಮಲೆನಾಡಿನ ಮನೆಗಳ ಉಷ್ಣ ಸೌಖ್ಯ" ಎನ್ನುವುದು ಶೀರ್ಷಿಕೆ, ಅದರಲ್ಲಿ ಪ್ರಶ್ನೆ ಇಲ್ಲ. "ಏಪ್ರಿಲ್ ತಿಂಗಳ ಮಧ್ಯಾಹ್ನ 12ರಿಂದ 5ರವರೆಗೆ ಹಂಚಿನ ಮನೆಯ ನಡುಮನೆ, ಅದೇ ಊರಿನ ತಾರಸಿ ಮನೆಯ ಹಾಲಿಗಿಂತ ಎಷ್ಟು ಡಿಗ್ರಿ ಕಡಿಮೆ ಇರುತ್ತದೆ, ಅದರಲ್ಲಿ ಚಾವಣಿಯ ಪಾಲೆಷ್ಟು?" ಎಂಬುದು ಪ್ರಶ್ನೆ. ಸಮಯ, ಕೋಣೆ, ಹೋಲಿಕೆ, ಕಾರಣ ನಾಲ್ಕೂ ಒಂದೇ ವಾಕ್ಯದಲ್ಲಿ ಬಂದಿವೆಯೇ ನೋಡಿಕೊಳ್ಳಿ.

ಊರು ಆರಿಸುವಾಗ ಜಿಲ್ಲೆಯ ಹೆಸರನ್ನು ನಂಬಬೇಡಿ. ಅರಸೀಕೆರೆಯೂ ಸಕಲೇಶಪುರವೂ ಹಾಸನ ಜಿಲ್ಲೆಯವೇ, ಒಂದು ಬಯಲುಸೀಮೆ, ಇನ್ನೊಂದು ಘಟ್ಟದ ಅಂಚು. ಕಡೂರಿಗೂ ಶೃಂಗೇರಿಗೂ ಹಾಗೆಯೇ. ಅರಸೀಕೆರೆ, ಕಡೂರಿನಲ್ಲಿ ಬಿಸಿಲಿನ ಪ್ರಶ್ನೆ ಕೇಳುವುದು ಸರಿ. ಸಕಲೇಶಪುರ, ಮೂಡಿಗೆರೆ, ಶೃಂಗೇರಿಯಲ್ಲಿ ಜನರನ್ನು ಕಾಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ: ಒಣಗದ ಬಟ್ಟೆ, ಬೂಷ್ಟು ಹಿಡಿಯುವ ಗೋಡೆ, ವಾಸನೆ ಹಿಡಿದ ಹಾಸಿಗೆ. ಅಲ್ಲಿ ಬೇಸಿಗೆಯ ತಂಪನ್ನು ಅಳೆಯುವುದಕ್ಕಿಂತ ಮಳೆಗಾಲದ ತೇವವನ್ನು ಅಳೆಯುವ ಪ್ರಬಂಧ ಹೆಚ್ಚು ಬೆಲೆಯದು.

ಇನ್ನು ಜೋಡಿ. ಎರಡೂ ಮನೆ ಒಂದು ಕಿಲೋಮೀಟರಿನೊಳಗೆ ಇರಲಿ, ಎತ್ತರದ ವ್ಯತ್ಯಾಸ 50 ಮೀಟರ್ ದಾಟದಿರಲಿ. 100 ಮೀಟರ್ ಮೇಲೇರಿದರೆ ಗಾಳಿ ಸುಮಾರು 0.6 ಡಿಗ್ರಿ ತಣ್ಣಗಾಗುತ್ತದೆ. ಗುಡ್ಡದ ನೆತ್ತಿಯ ಹಂಚಿನ ಮನೆಯನ್ನು ಕೆಳಗಿನ ರಸ್ತೆಬದಿಯ ತಾರಸಿ ಮನೆಗೆ ಹೋಲಿಸಿದರೆ ಗುಡ್ಡದ ತಂಪೆಲ್ಲ ಹಂಚಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಮರದ ನೆರಳೂ ಹೀಗೇ ಮೋಸ ಮಾಡುತ್ತದೆ. ಹಳೆ ಮನೆ ಹಲಸು, ಸಿಲ್ವರ್ ಓಕ್ ಮರಗಳ ನಡುವೆ, ಹೊಸ ಮನೆ ಬಟಾಬಯಲಿನಲ್ಲಿ ಇದ್ದರೆ ನೀವು ಅಳೆದದ್ದು ಮರವನ್ನು.

ಇವೆಲ್ಲಕ್ಕಿಂತ ಒಳ್ಳೆಯ ಜೋಡಿ ಈ ಕಡೆ ಸುಲಭಕ್ಕೆ ಸಿಗುತ್ತದೆ: ಹಳೆ ಹಂಚಿನ ಮನೆಯ ಹಿಂದೆಯೋ ಪಕ್ಕದಲ್ಲೋ ಅದೇ ಮನೆಯವರು ಕಟ್ಟಿಸಿಕೊಂಡ ಹೊಸ ಆರ್‌ಸಿಸಿ ಕೋಣೆಗಳು. ಅದೇ ಜನ, ಅದೇ ಹವೆ, ಅದೇ ಅಂಗಳ. ಬೇರೆಯಾಗುವುದು ಗೋಡೆ, ಚಾವಣಿ, ಕಿಟಕಿ ಮಾತ್ರ. ಎರಡಕ್ಕೂ ಸೇರಿದ ಗೋಡೆಯ ಪಕ್ಕದ ಕೋಣೆಯನ್ನು ಮಾತ್ರ ಆರಿಸಬೇಡಿ, ಶಾಖ ಆಚೆಗೀಚೆ ಹೋಗುತ್ತದೆ.

ಕಾಫಿ ತೋಟದಲ್ಲಿ ಕೆಲಸ ಮಾಡುವುದಾದರೆ ಶೀಟು ಹೊದಿಸಿದ ಲೈನ್ ಮನೆಯೊಂದನ್ನು (ತೋಟದ ಆಳುಗಳ ಸಾಲುಮನೆ) ಮೂರನೆಯದಾಗಿ ಸೇರಿಸಿ. ಹಾಗೆ ಸೇರಿಸಿದರೆ ಲಾಗರ್ ಮೂರು ಹೆಚ್ಚು ಬೇಕು. ಸುಸ್ಥಿರತೆಯ ಓದಿನಲ್ಲಿ ತೋಟದ ಬಂಗಲೆ ಇರುವುದಾದರೆ ಅದರ ಆಳುಗಳ ಮನೆಯೂ ಇರಲೇಬೇಕು.

## ಹಂತ 2: ಕ್ಯಾಲೆಂಡರ್ ಹಾಕುವುದು

ನಾಲ್ಕು ಸೆಮಿಸ್ಟರಿನ ಕೋರ್ಸಿನಲ್ಲಿ ಪ್ರಬಂಧ ಕೊನೆಯ ಸೆಮಿಸ್ಟರಿಗೆ ಬರುತ್ತದೆ. ಆಗ ಶುರುಮಾಡಿದರೆ ಸಿಗುವುದು ಬೇಸಿಗೆ ಮಾತ್ರ. ಮಳೆಗಾಲದ ಅಳತೆಯನ್ನು ಎರಡನೇ ಸೆಮಿಸ್ಟರ್ ಮುಗಿದ ಬಿಡುವಿನಲ್ಲಿ, ಚಳಿಗಾಲದ್ದನ್ನು ಮೂರನೆಯದರಲ್ಲಿ ಮುಗಿಸಿ. ಪ್ರತಿ ಋತುವಿನಲ್ಲಿ ಕನಿಷ್ಠ 21 ದಿನ ಅಳೆಯಿರಿ. ಒಂದು ವಾರ ಸಾಲದು, ಏಕೆಂದರೆ ಮೋಡ ಕವಿದ ಮೂರು ದಿನ ಬಂದರೆ ಉಳಿಯುವುದು ನಾಲ್ಕೇ ದಿನ.

ಬೇಸಿಗೆಗೆ ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಸಮಯವಿಡಿ. ನಡುವೆ ಕಾಫಿ ಹೂಮಳೆ ಬೀಳುತ್ತದೆ, ಬಿದ್ದ ಮರುದಿನ ತಾಪ ಇಳಿಯುತ್ತದೆ. ಮಳೆ ಬಂದ ದಿನ, ಹೊತ್ತು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಆ ದಿನಗಳನ್ನು ಬೇರೆ ಗುಂಪಾಗಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಸರಾಸರಿಯಲ್ಲಿ ಕಲಸಿದರೆ ಎರಡೂ ಹಾಳು.

ಚಳಿಗಾಲಕ್ಕೆ ಡಿಸೆಂಬರ್-ಜನವರಿ. ಅದು ಅರೇಬಿಕಾ ಕುಯ್ಲಿನ ಕಾಲ, ಜನವರಿಯಿಂದ ರೋಬಸ್ಟಾ. ಮನೆಮಂದಿಗೆ ಕಣದ ಕೆಲಸ ಮೈತುಂಬ ಇರುತ್ತದೆ. ಲಾಗರ್‌ಗಳನ್ನು ಕುಯ್ಲು ಶುರುವಾಗುವ ಮೊದಲೇ, ನವೆಂಬರ್ ಆರಂಭದಲ್ಲಿ ಇಟ್ಟುಬನ್ನಿ. ಮಾತುಕತೆಯ ಸಮೀಕ್ಷೆಯನ್ನು ಸಂಜೆಗೆ ಇಟ್ಟುಕೊಳ್ಳಿ.

## ಹಂತ 3: ಒಪ್ಪಿಗೆ

ಕಾಲೇಜಿನ ಪತ್ರ ಕನ್ನಡದಲ್ಲಿರಲಿ. ಏನು ಇಡುತ್ತೀರಿ, ಎಷ್ಟು ದಿನ, ಅದರಲ್ಲಿ ಕ್ಯಾಮೆರಾ ಇಲ್ಲ, ಮಾತು ದಾಖಲಾಗುವುದಿಲ್ಲ, ಮನೆಯವರ ಹೆಸರು ಪ್ರಬಂಧದಲ್ಲಿ ಬರುವುದಿಲ್ಲ ಎಂಬ ಐದು ಮಾತು ಸಾಕು. ಯಜಮಾನರು ಒಪ್ಪಿದರೆ ಮುಗಿಯಿತು ಎಂದುಕೊಳ್ಳಬೇಡಿ. ದಿನವಿಡೀ ಮನೆಯಲ್ಲಿರುವ ಅಮ್ಮನವರಿಗೆ, ಅಜ್ಜಿಗೆ ವಿಷಯ ತಿಳಿಯದಿದ್ದರೆ ಧೂಳು ಹೊಡೆಯುವಾಗ ಲಾಗರ್ ಕಪಾಟು ಸೇರುತ್ತದೆ. ದೇವರಕೋಣೆ, ಅಡಿಗೆಮನೆಗೆ ಹೋಗಬಹುದೇ ಎಂದು ಕೇಳಿಯೇ ಕಾಲಿಡಿ. ಲೈನ್ ಮನೆಯಲ್ಲಿ ತೋಟದ ಮಾಲೀಕರ ಅನುಮತಿ ಒಂದೇ ಸಾಲದು, ಅಲ್ಲಿ ವಾಸವಿರುವವರೇ ಒಪ್ಪಬೇಕು.

## ಹಂತ 4: ಉಪಕರಣಗಳ ಪರೀಕ್ಷೆ

ಈ ಹಂತ ಬಿಟ್ಟವರ ಪ್ರಬಂಧ ಒಂದು ಡಿಗ್ರಿಯ ಮೇಲೆ ನಿಂತಿರುತ್ತದೆ, ಆ ಒಂದು ಡಿಗ್ರಿ ಲಾಗರಿನದೇ ತಪ್ಪಾಗಿರುತ್ತದೆ.

ಮೊದಲು ಎಂಟೂ ಲಾಗರ್‌ಗಳನ್ನು ಒಂದೇ ಥರ್ಮೋಕೋಲ್ ಡಬ್ಬದಲ್ಲಿ ಒತ್ತೊತ್ತಾಗಿಟ್ಟು 24 ಗಂಟೆ ಬಿಡಿ. ಎಂಟರ ಸರಾಸರಿಯಿಂದ ಪ್ರತಿಯೊಂದೂ ಎಷ್ಟು ದೂರವಿದೆ ಎಂದು ಬರೆದುಕೊಳ್ಳಿ. 3ನೇ ಲಾಗರ್ 0.4 ಹೆಚ್ಚು ತೋರಿಸಿದರೆ ಮುಂದೆ ಅದರ ಎಲ್ಲ ಅಂಕಿಯಿಂದ 0.4 ಕಳೆಯಬೇಕು. 0.8ಕ್ಕಿಂತ ಹೆಚ್ಚು ದೂರವಿದ್ದರೆ ಪಕ್ಕಕ್ಕಿಡಿ.

ತೇವಾಂಶಕ್ಕೆ ಉಪ್ಪಿನ ಪರೀಕ್ಷೆ. ಬಾಟಲಿ ಮುಚ್ಚಳದಲ್ಲಿ ಅಡಿಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದ ಬರುವಷ್ಟೇ ನೀರು ಹಾಕಿ. ನೀರು ಮೇಲೆ ನಿಲ್ಲಬಾರದು. ಲಾಗರ್ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟು, ತಾಪ ಏರಿಳಿಯದ ಜಾಗದಲ್ಲಿ 12 ಗಂಟೆ ಬಿಟ್ಟರೆ ಒಳಗಿನ ತೇವಾಂಶ ಶೇ. 75ಕ್ಕೆ ನಿಲ್ಲುತ್ತದೆ. ಲಾಗರ್ 79 ತೋರಿಸಿದರೆ 4 ಕಳೆಯಿರಿ. ಮಳೆಗಾಲದ ಅಧ್ಯಯನವಾದರೆ ಇದೊಂದೇ ಸಾಲದು, ಮಲೆನಾಡಿನಲ್ಲಿ ತೇವಾಂಶ 90 ದಾಟುತ್ತದೆ. ರಸಾಯನಶಾಸ್ತ್ರ ಲ್ಯಾಬಿನಿಂದ ಪೊಟ್ಯಾಸಿಯಂ ಸಲ್ಫೇಟ್ ತಂದು ಅದೇ ರೀತಿ ಮಾಡಿ, ಅದು ಶೇ. 97ಕ್ಕೆ ನಿಲ್ಲುತ್ತದೆ.

ಗ್ಲೋಬಿನ ತಂತಿಯನ್ನು ಪುಡಿಮಾಡಿದ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಅದ್ದಿ 0 ಡಿಗ್ರಿ ನೋಡಬಹುದು. ಕುದಿಯುವ ನೀರನ್ನು 100 ಡಿಗ್ರಿ ಎಂದು ಹಿಡಿಯಬೇಡಿ. ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಈ ಊರುಗಳಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ.

ಅಳತೆ ಮುಗಿದ ಮೇಲೆ ಡಬ್ಬದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ವ್ಯತ್ಯಾಸ ಬದಲಾಗಿದ್ದರೆ ಪ್ರಬಂಧದಲ್ಲಿ ಹೇಳಲೇಬೇಕು.

## ಹಂತ 5: ಮನೆಯ ಅಳತೆ ನಕ್ಷೆ

ಹಳೆ ಮನೆಯ ಕೋಣೆ ಚೌಕ ಇರುವುದಿಲ್ಲ. ನಾಲ್ಕು ಬದಿಯ ಜೊತೆ ಎರಡೂ ಕರ್ಣ ಅಳೆಯಿರಿ. ಗೋಡೆಯ ದಪ್ಪವನ್ನು ಕಿಟಕಿ ಚೌಕಟ್ಟಿನ ಬಳಿ ಹಿಡಿಯಿರಿ, ಕೆಳಗೂ ಮೇಲೂ ಬೇರೆ ಇರಬಹುದು. ಸೂರಿನ ಚಾಚು, ಚಾವಣಿಯ ಇಳಿಜಾರು, ಅಟ್ಟ ಇದೆಯೇ, ಹಂಚಿನ ಕೆಳಗೆ ಹಲಗೆ ಇದೆಯೇ ಅಥವಾ ರೀಪಿನ ಮೇಲೆ ನೇರ ಹಂಚೇ, ಗಾಜಿನ ಹಂಚು ಎಷ್ಟು, ಎಲ್ಲಿ: ಇವನ್ನು ಸೆಕ್ಷನ್ನಿನಲ್ಲಿ (ಮನೆಯನ್ನು ಸೀಳಿ ತೋರಿಸುವ ನಕ್ಷೆ) ಗುರುತಿಸದಿದ್ದರೆ ಮುಂದೆ ಸಿಮ್ಯುಲೇಶನ್ನಿಗೆ (ಕಂಪ್ಯೂಟರಿನಲ್ಲಿ ಮನೆಯ ಮಾದರಿ ಕಟ್ಟಿ ತಾಪ ಲೆಕ್ಕ ಹಾಕುವುದು) ಕುಳಿತಾಗ ಮತ್ತೆ ಬಸ್ಸು ಹತ್ತಬೇಕಾಗುತ್ತದೆ.

## ಹಂತ 6: ಲಾಗರ್ ಇಡುವ ಜಾಗ

ಕೂತವರ ತಲೆಮಟ್ಟಕ್ಕೆ, ನೆಲದಿಂದ 1.1 ಮೀಟರಿಗೆ ದಾರದಲ್ಲಿ ತೂಗುಬಿಡಿ. ಗೋಡೆಗೆ ಅಂಟಿಸಿದರೆ ಗೋಡೆಯ ತಾಪ ಬರುತ್ತದೆ, ಗಾಳಿಯದಲ್ಲ. ಟಿವಿ, ಫ್ರಿಜ್, ಸೆಟ್‌ಟಾಪ್ ಬಾಕ್ಸ್, ಬಲ್ಬಿನಿಂದ ದೂರವಿರಲಿ. ಬಚ್ಚಲ ಹಂಡೆ ಒಲೆ ಯಾವ ಗೋಡೆಯ ಆಚೆ ಇದೆ ಎಂದು ನೋಡಿಕೊಳ್ಳಿ. ಬೆಳಗ್ಗೆ ಐದಕ್ಕೆ ಒಲೆ ಹೊತ್ತಿದರೆ ಪಕ್ಕದ ಕೋಣೆಯ ಗೋಡೆ ಬಿಸಿಯೇರುತ್ತದೆ. ಅದನ್ನು "ಮಣ್ಣಿನ ಗೋಡೆ ರಾತ್ರಿಯ ಶಾಖ ಹಿಡಿದಿಟ್ಟಿದೆ" ಎಂದು ಓದಿಬಿಡುವ ಅಪಾಯವಿದೆ.

ಈ ಕಡೆಯ ಮನೆಗಳಲ್ಲಿ ಎಲ್ಲರೂ ಬೀಳುವ ಗುಂಡಿ ಗಾಜಿನ ಹಂಚು. ಅದರಿಂದ ಇಳಿಯುವ ಬಿಸಿಲಿನ ಚೌಕ ನಡುಮನೆಯ ನೆಲದ ಮೇಲೆ ಗಂಟೆಗಂಟೆಗೆ ಸರಿಯುತ್ತಾ ಹೋಗಿ, ಮಧ್ಯಾಹ್ನ ಹತ್ತಿಪ್ಪತ್ತು ನಿಮಿಷ ಸರಿಯಾಗಿ ಲಾಗರಿನ ಮೇಲೆ ಕೂರುತ್ತದೆ. ಅಷ್ಟು ಹೊತ್ತಿಗೆ ಅಂಕಿ ಮೂರ್ನಾಲ್ಕು ಡಿಗ್ರಿ ನೆಗೆಯುತ್ತದೆ. ಇಡುವ ದಿನ ಬೆಳಗ್ಗೆ 9, ಮಧ್ಯಾಹ್ನ 12, 2, ಸಂಜೆ 4ಕ್ಕೆ ನೆಲದ ಮೇಲೆ ಸೀಮೆಸುಣ್ಣದಿಂದ ಬಿಸಿಲಿನ ಗುರುತು ಹಾಕಿ, ಆ ದಾರಿ ತಪ್ಪಿಸಿ ತೂಗುಹಾಕಿ. ಡಿಸೆಂಬರಿನಲ್ಲಿ ಸರಿಯಿದ್ದ ಜಾಗ ಏಪ್ರಿಲ್‌ನಲ್ಲಿ ಸರಿಯಿರುವುದಿಲ್ಲ, ಸೂರ್ಯನ ಎತ್ತರ ಬದಲಾಗಿರುತ್ತದೆ. ಪ್ರತಿ ಋತುವಿಗೂ ಗುರುತು ಹಾಕಿ ನೋಡಿ. ತೊಟ್ಟಿ ಇರುವ ಮನೆಯಲ್ಲೂ ಇದೇ ಎಚ್ಚರ ಬೇಕು.

ಮೂರು ಲಾಗರ್‌ಗಳಲ್ಲಿ ಒಂದು ನಡುಮನೆಗೆ, ಒಂದು ಮಲಗುವ ಕೋಣೆಗೆ, ಒಂದು ಅಟ್ಟಕ್ಕೆ. ಅಟ್ಟದ ಲಾಗರ್ ಹಂಚಿಗೆ ತಾಗದೆ ಒಂದು ಅಡಿ ಕೆಳಗಿರಲಿ. ಇಲಿ ತಂತಿ ಕಡಿಯುತ್ತದೆ, ತಂತಿಯಿಲ್ಲದ ಮಾದರಿಯನ್ನೇ ಅಟ್ಟಕ್ಕೆ ಬಳಸಿ. ತಾರಸಿ ಮನೆಯಲ್ಲಿ ಮೂರನೆಯದನ್ನು ಸ್ಲ್ಯಾಬಿನಿಂದ ಒಂದು ಅಡಿ ಕೆಳಗೆ ತೂಗಿ.

ಗ್ಲೋಬನ್ನು ಏಕೆ ಬಿಡಬಾರದು ಎಂದರೆ, ಶೀಟು ಅಥವಾ ಸ್ಲ್ಯಾಬಿನ ಕೆಳಗೆ ಕೂತವರಿಗೆ ನೆತ್ತಿ ಕಾಯುವುದು ಚಾವಣಿಯಿಂದ ಸೂಸುವ ಶಾಖಕ್ಕೆ. ಎರಡು ಮನೆಯಲ್ಲೂ ಗಾಳಿ 30 ಡಿಗ್ರಿಯೇ ಇರಬಹುದು, ಒಂದರಲ್ಲಿ ಮಾತ್ರ ಜನ ಹೊರಗೆ ಜಗುಲಿಗೆ ಬಂದು ಕೂರುತ್ತಾರೆ. ಆ ವ್ಯತ್ಯಾಸ ತೋರಿಸುವುದು ಗ್ಲೋಬ್ ಮಾತ್ರ. ಅಂಕಿ ತೆಗೆಯುವಾಗಲೆಲ್ಲ ಗಾಳಿಯ ವೇಗವನ್ನೂ ಬರೆದುಕೊಳ್ಳಿ. ಚಿಕ್ಕ ಚೆಂಡಿನ ಗ್ಲೋಬಿಗೆ ಗಾಳಿಯ ಪ್ರಭಾವ ಹೆಚ್ಚು, ಸುತ್ತಲಿನ ಗೋಡೆ, ಚಾವಣಿಗಳ ಸರಾಸರಿ ವಿಕಿರಣ ತಾಪ ಲೆಕ್ಕ ಹಾಕಲು ಗೋಳದ ವ್ಯಾಸ, ಗಾಳಿಯ ವೇಗ ಎರಡೂ ಬೇಕಾಗುತ್ತವೆ.

ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹೊಳೆಯುವ ತಗಡಿನ ಮೇಲೆ ನೇರ ಹಿಡಿಯಬೇಡಿ, ತಪ್ಪು ತೋರಿಸುತ್ತದೆ. ತಗಡಿಗೆ ಎಲೆಕ್ಟ್ರಿಕಲ್ ಟೇಪಿನ ತುಂಡು ಅಂಟಿಸಿ, ಹದಿನೈದು ನಿಮಿಷ ಬಿಟ್ಟು, ಟೇಪಿನ ಮೇಲೆ ಹಿಡಿಯಿರಿ. ಮಣ್ಣು, ಹಂಚು, ಗಾರೆಗೆ ಈ ತೊಂದರೆ ಇಲ್ಲ.

ದಾಖಲಾತಿ 15 ನಿಮಿಷಕ್ಕೊಮ್ಮೆ ಇರಲಿ. ದಿನಕ್ಕೆ 96, 21 ದಿನಕ್ಕೆ 2,016 ಅಂಕಿ. ಎಲ್ಲ ಲಾಗರಿನ ಗಡಿಯಾರವನ್ನೂ ಒಂದೇ ಫೋನಿನ ಸಮಯಕ್ಕೆ ಹೊಂದಿಸಿ. ಮೇಲೊಂದು ಚೀಟಿ ಅಂಟಿಸಿ: "ತಾಪ ಅಳೆಯುವ ಉಪಕರಣ. ದಯವಿಟ್ಟು ಜರುಗಿಸಬೇಡಿ", ಕೆಳಗೆ ಫೋನ್ ಸಂಖ್ಯೆ.

## ಹಂತ 7: ಹೊರಗಿನ ಹವೆ

ಹೊರಗಿನ ಲಾಗರ್ ತಪ್ಪಾದರೆ ಒಳಗಿನ ಆರೂ ವ್ಯರ್ಥ. ಅದಕ್ಕೆ ಬಿಸಿಲು ತಾಗಬಾರದು, ಗಾಳಿ ಆಡಬೇಕು. ಬಿಳಿ ಪ್ಲಾಸ್ಟಿಕ್ ತಟ್ಟೆ ಏಳೆಂಟನ್ನು ಬೋರಲಾಗಿ, ನಡುವೆ ಎರಡು ಸೆಂ.ಮೀ. ಬಿಟ್ಟು ಬೋಲ್ಟಿನಲ್ಲಿ ಪೋಣಿಸಿದರೆ ಒಳ್ಳೆಯ ಗೂಡಾಗುತ್ತದೆ. ಮೇಲಿನ ಎರಡನ್ನು ಬಿಟ್ಟು ಉಳಿದವುಗಳ ನಡುಭಾಗ ಕತ್ತರಿಸಿ ಲಾಗರ್ ಕೂರಿಸಿ. ಹುಲ್ಲಿನ ನೆಲದ ಮೇಲೆ, ಒಂದೂವರೆ ಮೀಟರ್ ಎತ್ತರದಲ್ಲಿ ನಿಲ್ಲಿಸಿ. ಸಿಮೆಂಟಿನ ಕಣದ ಪಕ್ಕ ಬೇಡ. ಸೂರಿನ ಕೆಳಗೂ ಬೇಡ, ಹಂಚಿನ ಶಾಖ ಇಳಿಯುತ್ತದೆ.

ನಿಮ್ಮ ಅಂಕಿ ಸರಿಯೇ ಎಂದು ತಾಳೆ ನೋಡಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳಿವೆ, ಮಳೆಗೆ ಗ್ರಾಮ ಪಂಚಾಯಿತಿ ಮಟ್ಟದ ಮಾಪಕಗಳಿವೆ. ಕಾಲೇಜಿನ ಪತ್ರದೊಂದಿಗೆ ಮೊದಲೇ ಅರ್ಜಿ ಹಾಕಿ. ಬಾಳೆಹೊನ್ನೂರು ಸುತ್ತಮುತ್ತ ಕೆಲಸ ಮಾಡುವವರು ಅಲ್ಲಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯನ್ನೂ ವಿಚಾರಿಸಿ.

## ಹಂತ 8: ಮನೆಮಂದಿಯನ್ನು ಕೇಳುವುದು

ಆಶ್ರೇ 55 (ಅಮೆರಿಕದ ASHRAE ಸಂಸ್ಥೆಯ ಉಷ್ಣ ಸೌಖ್ಯದ ಮಾನದಂಡ) ಎಂಬುದರ ಏಳು ಮೆಟ್ಟಿಲಿನ ಪಟ್ಟಿಯನ್ನು ನಿಘಂಟು ನೋಡಿ ಕನ್ನಡಕ್ಕೆ ಇಳಿಸುವುದು ದೊಡ್ಡ ತಪ್ಪು. ಆ ಪಟ್ಟಿಯಲ್ಲಿ ಒಂದು ಕಡೆ ಬಿಸಿ, ಇನ್ನೊಂದು ಕಡೆ ಶೀತ, ನಡುವೆ ಎರಡೂ ಅಲ್ಲದ ಸ್ಥಿತಿ. ಅದನ್ನು "ಬೆಚ್ಚಗೆ", "ತಂಪು" ಎಂದು ಬರೆದರೆ ಪಟ್ಟಿ ಮುರಿದುಬೀಳುತ್ತದೆ. ನಮ್ಮ ಮಾತಿನಲ್ಲಿ "ತಂಪಾಗಿದೆ" ಎಂದರೆ ಹಿತವಾಗಿದೆ ಎಂದೇ ಅರ್ಥ. ಜನವರಿಯ ಬೆಳಗ್ಗೆ "ಬೆಚ್ಚಗಿದೆ" ಎಂದರೂ ಹಿತವೇ. ಅಜ್ಜಿ ಬೇಸಿಗೆಯಲ್ಲಿ "ತಂಪಾಗಿದೆಯಪ್ಪ" ಎಂದಾಗ ನೀವು ಶೀತದ ಕಡೆಯ ಮೆಟ್ಟಿಲಿಗೆ ಗುರುತು ಹಾಕುತ್ತೀರಿ, ಅವರು ಹೇಳಿದ್ದು ಹಿತವಾಗಿದೆ ಎಂದು.

ಹಿತ-ಅಹಿತ ಬೆರೆಯದ ಪದ ಬೇಕು: ತುಂಬಾ ಸೆಕೆ, ಸೆಕೆ, ಸ್ವಲ್ಪ ಸೆಕೆ, ಸೆಕೆಯೂ ಇಲ್ಲ ಚಳಿಯೂ ಇಲ್ಲ, ಸ್ವಲ್ಪ ಚಳಿ, ಚಳಿ, ತುಂಬಾ ಚಳಿ. ಸೆಕೆ ಎನ್ನುವಾಗ ಬೆವರೂ ಸೇರಿಬರುತ್ತದೆ, ಆದ್ದರಿಂದ "ಮೈ ಅಂಟಂಟಾಗ್ತಿದೆಯಾ?" ಎಂದು ಬೇರೆಯಾಗಿ ಕೇಳಿ. ಬಯಲುಸೀಮೆ ಕಡೆ ಸೆಕೆಗೂ ಬಿಸಿಲ ಧಗೆಗೂ ಜನ ವ್ಯತ್ಯಾಸ ಮಾಡುತ್ತಾರೆ. ಐದಾರು ಜನರ ಜೊತೆ ಮೊದಲು ಮಾತಾಡಿ ಪದ ಗಟ್ಟಿಮಾಡಿಕೊಂಡು, ಆಮೇಲೆ ಎಲ್ಲರಿಗೂ ಅದನ್ನೇ ಬಳಸಿ. ಎರಡನೇ ಪ್ರಶ್ನೆ: "ಈಗ ಇನ್ನೂ ತಣ್ಣಗಾಗಬೇಕು ಅನ್ಸುತ್ತಾ, ಹೀಗೇ ಇರಲಾ, ಇನ್ನೂ ಬೆಚ್ಚಗಾಗಬೇಕಾ?"

ಕೇಳುವ ಮೊದಲು ಅವರು ಹದಿನೈದು ನಿಮಿಷವಾದರೂ ಕೂತಿರಬೇಕು. ತೋಟದಿಂದ ಆಗಷ್ಟೇ ಬಂದವರ, ಒಲೆ ಮುಂದಿನಿಂದ ಎದ್ದುಬಂದವರ ಉತ್ತರ ಕೋಣೆಯ ಬಗ್ಗೆ ಏನೂ ಹೇಳುವುದಿಲ್ಲ. ಉಟ್ಟ ಬಟ್ಟೆ, ಫ್ಯಾನ್ ಹಾಕಿದೆಯೇ, ಕಿಟಕಿ ತೆರೆದಿದೆಯೇ, ಆ ಹೊತ್ತಿನ ಗ್ಲೋಬ್ ಮತ್ತು ಗಾಳಿಯ ಅಂಕಿ, ಎಲ್ಲವೂ ಒಂದೇ ಹಾಳೆಯಲ್ಲಿ ಇರಲಿ. ಅತಿಥಿಗೆ ಬೇಸರವಾಗಬಾರದೆಂದು "ಏನಿಲ್ಲ, ಚೆನ್ನಾಗಿದೆ" ಎನ್ನುವವರು ಹೆಚ್ಚು. "ನಿಮ್ಮ ಮನೆ ಚೆನ್ನಾಗಿದೆಯಾ ಅಂತ ಕೇಳ್ತಿಲ್ಲ ಅಮ್ಮ, ಈಗ ನಿಮ್ಮ ಮೈಗೆ ಹೇಗನಿಸ್ತಿದೆ ಅಂತ" ಎಂದು ಬಿಡಿಸಿ ಹೇಳಿ.

## ಹಂತ 9: ಅಂಕಿಗಳನ್ನು ಇಳಿಸಿ ಶುಚಿ ಮಾಡುವುದು

ಮೂಲ ಕಡತವನ್ನು ಮುಟ್ಟದೆ ಒಂದು ಪ್ರತಿ ತೆಗೆದಿಡಿ. ಎಕ್ಸೆಲ್‌ನಲ್ಲಿ ದಿನಾಂಕದ ಜೋಡಣೆಯನ್ನು ಮೊದಲು ನೋಡಿ: 04/05 ಎನ್ನುವುದು ಮೇ 4ರ ಬದಲು ಏಪ್ರಿಲ್ 5 ಆಗಿ ಕೂತಿದ್ದರೆ ಇಡೀ ತಿಂಗಳು ಕಲಸಿಹೋಗುತ್ತದೆ. ಇಟ್ಟ ದಿನದ ಮೊದಲ 24 ಗಂಟೆಯ ಅಂಕಿ ಬಿಡಿ. 4ನೇ ಹಂತದಲ್ಲಿ ಕಂಡ ತಿದ್ದುಪಡಿ ಹಾಕಿ.

ಆಮೇಲೆ ಗ್ರಾಫ್ ಎಳೆದು ಕಣ್ಣಿಟ್ಟು ನೋಡಿ. ದಿನಾ ಒಂದೇ ಹೊತ್ತಿಗೆ, ಬಿಸಿಲಿದ್ದ ದಿನ ಮಾತ್ರ ಮುಳ್ಳಿನಂತೆ ಏರಿದರೆ ಬಿಸಿಲಿನ ಚೌಕ. ಮೋಡವಿದ್ದರೂ ಬೆಳಗ್ಗೆ ಸಂಜೆ ಏರಿದರೆ ಒಲೆ. ತಾಪ ದಿನಗಟ್ಟಲೆ ಸಪಾಟಾಗಿದ್ದರೆ ಯಾರೋ ಕಪಾಟಿನಲ್ಲಿಟ್ಟಿದ್ದಾರೆ. ತೇವಾಂಶ 100ಕ್ಕೆ ಅಂಟಿಕೊಂಡು ಇಳಿಯದೇ ಇದ್ದರೆ ಸೆನ್ಸರ್ ಒದ್ದೆಯಾಗಿದೆ. ಹಗಲಲ್ಲಿ ಹೊರಗಿನ ತಾಪ ಹೋಬಳಿ ಕೇಂದ್ರದ ಅಂಕಿಗಿಂತ ಸತತ ಎರಡು ಡಿಗ್ರಿ ಹೆಚ್ಚಿದ್ದರೆ ಗೂಡಿಗೆ ಬಿಸಿಲು ನುಗ್ಗುತ್ತಿದೆ.

## ಹಂತ 10: ಲೆಕ್ಕ

ಸರಾಸರಿ ತಾಪ ಹೋಲಿಸಿ ನಿಲ್ಲಿಸಬೇಡಿ. ಹಂಚಿನ ಮನೆಗೂ ತಾರಸಿ ಮನೆಗೂ ದಿನದ ಸರಾಸರಿ ಬಹುತೇಕ ಸಮವೇ ಬರಬಹುದು. ವ್ಯತ್ಯಾಸ ಇರುವುದು ಏರಿಳಿತದಲ್ಲಿ, ಹೊತ್ತಿನಲ್ಲಿ.

ಹೊರಗೆ ಗರಿಷ್ಠ 34, ಕನಿಷ್ಠ 20 ಎಂದಿಟ್ಟುಕೊಳ್ಳಿ, ಏರಿಳಿತ 14. ಒಳಗೆ 28 ಮತ್ತು 24, ಏರಿಳಿತ 4. ಅನುಪಾತ 4 ಭಾಗಿಸು 14, ಅಂದರೆ 0.29. ಹೊರಗಿನ ತುದಿ ಮಧ್ಯಾಹ್ನ ಎರಡೂವರೆಗೆ, ಒಳಗಿನದು ರಾತ್ರಿ ಎಂಟಕ್ಕೆ ಬಂದರೆ ವಿಳಂಬ ಐದೂವರೆ ಗಂಟೆ. ಇದು ಗಾಳಿಯ ತಾಪದಿಂದ ತೆಗೆದ ಅನುಪಾತ ಎಂದು ಸ್ಪಷ್ಟವಾಗಿ ಬರೆಯಿರಿ. ಪುಸ್ತಕದ ವ್ಯಾಖ್ಯೆಯಲ್ಲಿ ಈ ಅನುಪಾತ ಗೋಡೆಯ ಹೊರ, ಒಳ ಮೇಲ್ಮೈಗಳ ತಾಪದ್ದು.

ಹಿತದ ಮಿತಿಗೆ ಎರಡು ಸೂತ್ರ ಬಳಕೆಯಲ್ಲಿವೆ. ಆಶ್ರೇ 55ರಲ್ಲಿ ಹೊರಗಿನ ತಾಪದ ಚಲಿಸುವ ಸರಾಸರಿಯನ್ನು (ಹಿಂದಿನ ಕೆಲವು ದಿನಗಳ ಸರಾಸರಿ) 0.31ರಿಂದ ಗುಣಿಸಿ 17.8 ಕೂಡಬೇಕು. ಹೊರಗೆ 25 ಇದ್ದರೆ 25.55 ಬರುತ್ತದೆ, ಶೇ. 80 ಜನ ಒಪ್ಪುವ ವ್ಯಾಪ್ತಿ ಇದಕ್ಕೆ 3.5 ಆಚೀಚೆ, ಅಂದರೆ 22ರಿಂದ 29. ಭಾರತದ ಐಮ್ಯಾಕ್ (IMAC) ಎಂಬ ಉಷ್ಣ ಸೌಖ್ಯದ ಮಾದರಿಯಲ್ಲಿ 0.54ರಿಂದ ಗುಣಿಸಿ 12.83 ಕೂಡಬೇಕು, 26.33 ಬರುತ್ತದೆ, ಶೇ. 90ಕ್ಕೆ 2.38 ಆಚೀಚೆ. ಈ ಐಮ್ಯಾಕ್ ಸೂತ್ರ ಬಂದದ್ದು ಕಚೇರಿ ಕಟ್ಟಡಗಳ ಸಮೀಕ್ಷೆಯಿಂದ. ಮನೆಗೆ ಹಾಕುವಾಗ ಆ ಮಾತನ್ನು ಬರೆಯದಿದ್ದರೆ ಪರೀಕ್ಷಕರು ಹಿಡಿಯುತ್ತಾರೆ. ಮಿತಿ ದಾಟಿದ ಡಿಗ್ರಿಯನ್ನು ಗಂಟೆಯಿಂದ ಗುಣಿಸುತ್ತಾ ಕೂಡಿದರೆ ಡಿಗ್ರಿ-ಗಂಟೆ. ಎರಡು ಮನೆಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಒಂದೇ ಅಂಕಿ ಇಲ್ಲ.

ತೇವದ ಅಧ್ಯಯನದಲ್ಲಿ ಗಾಳಿಯ ತೇವಾಂಶ ಮಾತ್ರ ನೋಡಿದರೆ ಬೂಷ್ಟು ಏಕೆ ಬಂತೆಂದು ತಿಳಿಯದು. ಗಾಳಿ 22 ಡಿಗ್ರಿ, ತೇವಾಂಶ 85. ಗೋಡೆಯ ಮೇಲ್ಮೈ 20 ಡಿಗ್ರಿ ಇದ್ದರೆ ಗೋಡೆಗೆ ತಾಗಿದ ಗಾಳಿಯ ತೇವಾಂಶ ಸುಮಾರು 96. ಮೇಲ್ಮೈಯಲ್ಲಿ 80 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟಿಗೆ ಅದು ಸಾಕು. ಆದ್ದರಿಂದ ಗೋಡೆಯ ತಾಪವನ್ನು ದಿನಕ್ಕೆ ಮೂರು ಸಲವಾದರೂ ಬರೆದಿಡಿ.

ಗೋಡೆ, ಚಾವಣಿಯ ಯು-ಮೌಲ್ಯ (ಶಾಖ ಎಷ್ಟು ಸುಲಭಕ್ಕೆ ದಾಟುತ್ತದೆ ಎಂಬ ಅಂಕಿ, W/m²K; ಕಡಿಮೆಯಿದ್ದಷ್ಟೂ ಶಾಖ ಕಡಿಮೆ ದಾಟುತ್ತದೆ) ಕೈಯಲ್ಲೇ ಲೆಕ್ಕ ಹಾಕಿ. 450 ಮಿ.ಮೀ. ಒಣ ಮಣ್ಣಿನ ಗೋಡೆ, ವಾಹಕತೆ 0.75 ಎಂದು ಹಿಡಿದರೆ ಸುಮಾರು 1.3. 230 ಮಿ.ಮೀ. ಇಟ್ಟಿಗೆ ಗೋಡೆ ಗಾರೆ ಬಿಟ್ಟು ಸುಮಾರು 2.2. ಏನೂ ಹೊದಿಸದ 150 ಮಿ.ಮೀ. ಸ್ಲ್ಯಾಬು ಸುಮಾರು 3.3. ಇಕೋ ನಿವಾಸ ಸಂಹಿತೆ 2018 (ಮನೆಗಳಿಗಾಗಿ ಕೇಂದ್ರದ ಇಂಧನ ಸಂಹಿತೆ) ಚಾವಣಿಗೆ ಇಟ್ಟ ಮಿತಿ 1.2. ಅದೇ ಸಂಹಿತೆ ತೆರೆಯುವ ಕಿಟಕಿಯ ವಿಸ್ತೀರ್ಣ ನೆಲದ ಶೇ. 12.5 ಇರಬೇಕು ಎನ್ನುತ್ತದೆ, ಅದು ಸಮಶೀತೋಷ್ಣ ವಲಯಕ್ಕೆ. ಬಿಸಿ-ತೇವ ವಲಯಕ್ಕೆ 16.66. ಸಣ್ಣ ಕಿಟಕಿಯ ಹಳೆ ಮನೆ ಇದರಲ್ಲಿ ಸೋಲಬಹುದು. ಸೋತರೆ ಸೋತಿದೆ ಎಂದೇ ಬರೆಯಿರಿ, ಗೆದ್ದ ಕಡೆಯ ಮಾತಿಗೆ ಆಗ ತೂಕ ಬರುತ್ತದೆ.

## ಹಂತ 11: ಸಿಮ್ಯುಲೇಶನ್

ಎನರ್ಜಿಪ್ಲಸ್, ಓಪನ್‌ಸ್ಟುಡಿಯೋ ಸಾಫ್ಟ್‌ವೇರ್‌ಗಳು ಉಚಿತ. ಚಳಿಗಾಲದ ಅಂಕಿ ಬಂದ ಕೂಡಲೇ, ಫೆಬ್ರವರಿಯೊಳಗೆ ಮಾದರಿ ಕಟ್ಟಿ ಮುಗಿಸಿ. ಬೇಸಿಗೆಯ ಅಳತೆ ಮುಗಿದ ಮೇಲೆ ಉಳಿಯುವುದು ಕೆಲವೇ ವಾರ.

ಹವಾಮಾನ ಕಡತಕ್ಕೆ ಮಂಗಳೂರಿನದನ್ನು ಹಾಕಿ ಸಕಲೇಶಪುರ ಎಂದು ಬರೆಯಬೇಡಿ. ಮಂಗಳೂರು ಸಮುದ್ರದ ದಡದಲ್ಲಿದೆ. ಅಳತೆಯ ದಿನಗಳಿಗೆ ನಿಮ್ಮದೇ ಹೊರಗಿನ ಲಾಗರಿನ ತಾಪ, ತೇವಾಂಶವನ್ನು ಕಡತಕ್ಕೆ ಸೇರಿಸಿ, ಎತ್ತರವನ್ನೂ ತಿದ್ದಿ.

ಹಂಚಿನ ಚಾವಣಿಯನ್ನು ಗಾಳಿಯಾಡದ ಹಲಗೆಯಂತೆ ಮಾದರಿ ಮಾಡುವುದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು. ಹಂಚು ಹಂಚಿನ ನಡುವೆ ಸಂದಿಯಿದೆ, ಬಿಸಿಗಾಳಿ ಅಲ್ಲಿಂದಲೇ ಮೇಲೆ ಹೋಗುತ್ತದೆ. ಮುಚ್ಚಿಬಿಟ್ಟರೆ ಸಾಫ್ಟ್‌ವೇರ್ ಅಟ್ಟವನ್ನು ನಿಜಕ್ಕಿಂತ ಎಷ್ಟೋ ಡಿಗ್ರಿ ಬಿಸಿ ತೋರಿಸುತ್ತದೆ. ಅಟ್ಟವನ್ನು ಬೇರೆ ವಲಯವಾಗಿ ಮಾಡಿ, ಗಾಳಿಯ ಸೋರಿಕೆಯನ್ನು ಏರಿಸುತ್ತಾ ಅಟ್ಟದ ಲಾಗರಿನ ಅಂಕಿಗೆ ತಾಳೆ ಬರಿಸಿ. ಮಳೆಗಾಲಕ್ಕೆ ಮಣ್ಣಿನ ಗೋಡೆಯ ವಾಹಕತೆಯನ್ನು ಹೆಚ್ಚಿಸಿ, ಒದ್ದೆ ಮಣ್ಣು ಶಾಖವನ್ನು ಬೇಗ ದಾಟಿಸುತ್ತದೆ.

ಅಳತೆಯ ಮೊದಲ ಅರ್ಧದಿಂದ ಮಾದರಿ ತಿದ್ದಿ, ಉಳಿದ ಅರ್ಧದಿಂದ ಪರೀಕ್ಷಿಸಿ. ಅದೇ ದಿನಗಳಿಂದ ಎರಡನ್ನೂ ಮಾಡಿದರೆ ಪರೀಕ್ಷೆಯೇ ಆಗಲಿಲ್ಲ. ಆಶ್ರೇ ಮಾರ್ಗಸೂಚಿ 14ರ ಶೇ. 30 (ತಪ್ಪಿನ ಚದುರಿಕೆಗೆ) ಮತ್ತು ಶೇ. 10 (ಸರಾಸರಿ ತಪ್ಪಿಗೆ) ಎಂಬ ಮಿತಿಗಳು ವಿದ್ಯುತ್ ಬಳಕೆಯ ಗಂಟೆವಾರು ಲೆಕ್ಕಕ್ಕೆ ಮಾಡಿದವು. 25 ಡಿಗ್ರಿಯ ಶೇ. 30 ಎಂದರೆ ಏಳೂವರೆ ಡಿಗ್ರಿ. ಅಷ್ಟು ತಪ್ಪಿರುವ ಮಾದರಿಯನ್ನು ಯಾರೂ ಒಪ್ಪಬಾರದು. ತಾಪಕ್ಕೆ ವ್ಯತ್ಯಾಸವನ್ನು ಡಿಗ್ರಿಯಲ್ಲೇ ಹೇಳಿ, ಒಂದು ಡಿಗ್ರಿಯೊಳಗೆ ತರಲು ನೋಡಿ.

ಮಾದರಿ ಗಟ್ಟಿಯಾದ ಮೇಲೆ ಒಂದೊಂದೇ ಬದಲಾವಣೆ ಮಾಡಿ: ತಾರಸಿ ಮನೆಗೆ ಹಂಚಿನ ಚಾವಣಿ, ಆಮೇಲೆ ದಪ್ಪ ಗೋಡೆ, ಆಮೇಲೆ ಸೂರಿನ ಚಾಚು. "ಯಾವುದಕ್ಕಿಂತ, ಯಾವುದರಿಂದ" ಎಂಬ ಮೊದಲ ಹಂತದ ಪ್ರಶ್ನೆಗೆ ಉತ್ತರ ಬರುವುದು ಇಲ್ಲಿ.

## ಹಂತ 12: ಮನೆಗೆ ವಾಪಸ್

ಲಾಗರ್ ಬಿಚ್ಚಿದ ಮೇಲೆ ಮೊಳೆಯ ತೂತು ಮುಚ್ಚಿ, ಟೇಪಿನ ಗುರುತು ಒರೆಸಿ. ಮನೆಯವರಿಗೆ ಕನ್ನಡದಲ್ಲಿ ಒಂದು ಪುಟ ಕೊಡಿ: ಯಾವ ಕೋಣೆ ಯಾವ ಹೊತ್ತಿಗೆ ಎಷ್ಟು ಕಾಯುತ್ತದೆ, ಬೇಸಿಗೆಯಲ್ಲಿ ಯಾವ ಕಿಟಕಿಯನ್ನು ರಾತ್ರಿ ತೆರೆದು ಹಗಲು ಮುಚ್ಚಿದರೆ ಒಳ್ಳೆಯದು, ಮಳೆಗಾಲದಲ್ಲಿ ಮಂಚವನ್ನು ಯಾವ ಗೋಡೆಯಿಂದ ಎಷ್ಟು ದೂರ ಸರಿಸಬೇಕು. ತಾರಸಿ ಕೋಣೆ ಕಟ್ಟಿಸಿಕೊಂಡು ಬೇಸಿಗೆಯಲ್ಲಿ ಮಲಗಲಾಗದೆ ಇರುವವರಿಗೆ, ಸ್ಲ್ಯಾಬಿನ ಮೇಲೆ ನೆರಳಿನ ಚಾವಣಿ ಹಾಕಿಸಿದರೆ ಎಷ್ಟು ಡಿಗ್ರಿ ಇಳಿಯುತ್ತದೆ ಎಂದು ನಿಮ್ಮ ಮಾದರಿಯಿಂದಲೇ ತೆಗೆದು ಆ ಪುಟದಲ್ಲಿ ಬರೆಯಿರಿ.